ಸರ್ಕಲ್ಲಿನ ಕಾರಂಜಿಗೆ ಎಷ್ಟು ಎಚ್‌ಪಿ ಪಂಪು ಬೇಕು?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಒಂದು ಊರು. ಬಸ್ ನಿಲ್ದಾಣದ ಮುಂದಿನ ಸರ್ಕಲ್ಲಿನಲ್ಲಿ ಕಾರಂಜಿ ಮಾಡಿಸಲು ವ್ಯಾಪಾರಸ್ಥರೆಲ್ಲ ಸೇರಿ ಹಣ ಕೂಡಿಸಿದ್ದೇವೆ. 7 ಮೀಟರ್ ಅಡ್ಡಳತೆಯ ದುಂಡನೆಯ ತೊಟ್ಟಿ, ನಡುವೆ 4 ಮೀಟರ್ ಚಿಮ್ಮುವ ಧಾರೆ, ಸುತ್ತ 24 ಸಣ್ಣ ಧಾರೆ, ಬಣ್ಣದ ದೀಪ. ಗುತ್ತಿಗೆದಾರರು ಕೊಟ್ಟ ನಕ್ಷೆ ಇದು. ಇದಕ್ಕೆ 10 ಎಚ್‌ಪಿ ಪಂಪು ಬೇಕೆನ್ನುತ್ತಾರೆ. ನೀರು ಬೋರ್‌ವೆಲ್ಲಿನದು, ಬಹಳ ಗಡಸು. ಇದೇ ಜಾಗದಲ್ಲಿ ಮೊದಲಿದ್ದ ಕಾರಂಜಿ ವರ್ಷ ತುಂಬುವ ಮೊದಲೇ ನಿಂತು, ಸೊಳ್ಳೆಗಳ ತೊಟ್ಟಿಯಾಗಿ, ಕೊನೆಗೆ ಮಣ್ಣು ತುಂಬಿಸಿ ಗಿಡ ನೆಟ್ಟಾಯಿತು. ಈ ಸಲ ಹಾಗಾಗದಂತೆ ಏನೇನು ನೋಡಬೇಕು?

ಉತ್ತರ: 10 ಎಚ್‌ಪಿ ಬೇಡ. ನೀವು ಬರೆದ ಅಳತೆಗೆ ಎರಡು ಸಣ್ಣ ಪಂಪು, ಎರಡೂ ಸೇರಿ 2 ಎಚ್‌ಪಿ ಒಳಗೆ, ಸಾಕು. ಲೆಕ್ಕ ಕೆಳಗೆ ಕೊಟ್ಟಿದೆ, ಅದನ್ನೇ ಗುತ್ತಿಗೆದಾರರ ಮುಂದಿಟ್ಟು ಕೇಳಿ. ಪಂಪಿಗಿಂತ ಮೊದಲು ತೀರ್ಮಾನವಾಗಬೇಕಾದ್ದು ಧಾರೆಯ ಎತ್ತರ. ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ನೀರಿನ ಗುಣದ ಬಗ್ಗೆ. ಪಂಪಿಗೆ ಶಕ್ತಿ ಸಾಲದೆ ನಿಂತ ಊರ ಕಾರಂಜಿ ಅಪರೂಪ. ನಾಜಲ್ಲಿನಲ್ಲಿ, ಅಂದರೆ ನೀರು ಚಿಮ್ಮುವ ಮೂತಿಯಲ್ಲಿ, ಸುಣ್ಣ ಕಟ್ಟಿ, ನೀರು ಹಸಿರಾಗಿ, ಕೇಬಲ್ಲಿನ ಜಾಯಿಂಟಿಗೆ ನೀರು ಹೊಕ್ಕು ನಿಂತವೇ ಹೆಚ್ಚು.

ಮೊದಲು ಗಾಳಿ. ನಿಮ್ಮ ಸೀಮೆಯ ಗಾಳಿ ಎಂಥದೆಂದು ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. ಗಾಳಿ ಹೆಚ್ಚಿಲ್ಲದ ಜಾಗದಲ್ಲಿ ಧಾರೆಯ ಬುಡದಿಂದ ತೊಟ್ಟಿಯ ಅಂಚಿಗೆ ಇರುವ ದೂರ ಕನಿಷ್ಠ ಧಾರೆಯ ಎತ್ತರದಷ್ಟಿರಬೇಕು. ಬಯಲು ಗಾಳಿಯಲ್ಲಿ ಅದರ ಸುಮಾರು ಒಂದೂವರೆಪಟ್ಟು ಬೇಕು. ನಿಮ್ಮ ತೊಟ್ಟಿಯಲ್ಲಿ ನಡುವಿನಿಂದ ಅಂಚಿಗೆ ಇರುವುದು 3.5 ಮೀಟರ್. ಅಂದರೆ 4 ಮೀಟರ್ ಧಾರೆ ಇಲ್ಲಿಗೆ ಸಲ್ಲದು, 2.5 ಮೀಟರ್ ಗಡಿ. ಉದ್ಯಾನದಲ್ಲಾದರೆ ಹನಿ ಹೊರಗೆ ಬಿದ್ದರೆ ಹುಲ್ಲು ನೆನೆದೀತು, ಅಷ್ಟೆ. ಸರ್ಕಲ್ಲಿನಲ್ಲಿ ನೆನೆಯುವುದು ಡಾಂಬರು ರಸ್ತೆ. ಧೂಳು, ಎಣ್ಣೆ ಕುಡಿದ ರಸ್ತೆ ತೆಳುವಾಗಿ ನೆನೆದರೆ ದ್ವಿಚಕ್ರ ವಾಹನ ತಿರುವಿನಲ್ಲಿ ಜಾರುತ್ತದೆ.

ಜಿನೀವಾದ ಸರೋವರದಲ್ಲಿ 140 ಮೀಟರ್ ಚಿಮ್ಮುವ ಹೆಸರಾಂತ ಧಾರೆಯಿದೆ. ಸೆಕೆಂಡಿಗೆ 500 ಲೀಟರ್ ನೀರು ಗಂಟೆಗೆ 200 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಅದಕ್ಕೂ ಗಾಳಿ ಜೋರಾದರೆ ನಿಲುಗಡೆಯೇ. ನೀವೂ ಒಂದು ಗಾಳಿಮಾಪಕ ಹಾಕಿಸಿ. ಅದನ್ನು ಪಕ್ಕದ ಕಟ್ಟಡದ ತಾರಸಿಯ ಮೇಲಿಟ್ಟರೆ ತಪ್ಪು ಓದುತ್ತದೆ, ಸರ್ಕಲ್ಲಿನ ದೀಪದ ಕಂಬದಲ್ಲೇ ಇರಲಿ. ಗಾಳಿ ಸೆಕೆಂಡಿಗೆ 3 ಮೀಟರ್ ದಾಟಿದರೆ ಧಾರೆ ಅರ್ಧಕ್ಕಿಳಿಯಬೇಕು, 5 ದಾಟಿದರೆ ನಿಲ್ಲಬೇಕು. ಇಳಿಸುವುದು ತಕ್ಷಣ, ಮತ್ತೆ ಏರಿಸುವುದು ಗಾಳಿ ತಗ್ಗಿದ ಎರಡು–ಮೂರು ನಿಮಿಷದ ಮೇಲೆ. ಈ ವಿಳಂಬ ಇಡದಿದ್ದರೆ ಪ್ರತಿ ಬೀಸಿಗೂ ಪಂಪು ಏರಿಳಿದು ಮೋಟರು ಕೆಡುತ್ತದೆ. ಹೀಗೆ ಏರಿಳಿಸಲು ವೇಗ ನಿಯಂತ್ರಕ, ಅಂದರೆ ವಿಎಫ್‌ಡಿ, ಬೇಕು. ಸಣ್ಣ ಪಂಪಿಗೆ ಅದರ ಬೆಲೆ ದೊಡ್ಡದಲ್ಲ. ಆದರೆ ವಿಎಫ್‌ಡಿಗೆ ಹೊಂದುವುದು ತ್ರೀ ಫೇಸ್ ಮೋಟರು. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಪಂಪು ತಂದು ಆಮೇಲೆ ವಿಎಫ್‌ಡಿ ಹಚ್ಚಲು ಹೊರಟರೆ ಆಗದು.

ಈಗ ಲೆಕ್ಕ. ಧಾರೆಯ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು 19.6ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ನಾಜಲ್ಲಿನಿಂದ ನೀರು ಹೊರಡಬೇಕಾದ ವೇಗ ಸಿಗುತ್ತದೆ. 2.5 ಮೀಟರಿಗೆ ಅದು ಸೆಕೆಂಡಿಗೆ ಸರಿಯಾಗಿ 7 ಮೀಟರ್. ನಾಜಲ್ಲಿನ ಬಾಯಿ 20 ಮಿ.ಮೀ. ಆದರೆ ಹರಿವು ಸೆಕೆಂಡಿಗೆ 2.2 ಲೀಟರ್. ಗಾಳಿಯ ತಡೆಗೆ ಶೇ. 15 ಸೇರಿಸಿದರೆ ನಾಜಲ್ಲಿನ ಬಳಿ ಬೇಕಾದ ಹೆಡ್, ಅಂದರೆ ನೀರಿನ ಎತ್ತರದಲ್ಲಿ ಅಳೆದ ಒತ್ತಡ, ಸುಮಾರು 3 ಮೀಟರ್. ಜರಡಿ, ಪೈಪು, ಬೆಂಡು, ವಾಲ್ವುಗಳಲ್ಲಿ ಕಳೆಯುವುದಕ್ಕೆ ಇನ್ನೆರಡು ಹಾಕಿ 5 ಮೀಟರ್ ಎನ್ನೋಣ. 2.2 ಲೀಟರ್ ನೀರನ್ನು ಸೆಕೆಂಡಿಗೆ 5 ಮೀಟರ್ ಎತ್ತಲು ಬೇಕಾದ ಶಕ್ತಿ 108 ವ್ಯಾಟ್. ಪಂಪು, ಮೋಟರು ಸೇರಿ ದಕ್ಷತೆ ಶೇ. 40 ಮಾತ್ರ ಎಂದು ಹಿಡಿದರೂ 270 ವ್ಯಾಟ್, ಅಂದರೆ ಅರ್ಧ ಎಚ್‌ಪಿಗೂ ಕಡಿಮೆ.

ಸುತ್ತಲಿನ ಸಾಲಿನ ಕಡೆಗೆ ಹೆಚ್ಚು ಗಮನ ಕೊಡಿ, ನೀರು ತಿನ್ನುವುದು ಅದೇ. 24ರ ಬದಲು 16 ಧಾರೆ ಇಟ್ಟು, ನಾಜಲ್ಲಿನ ಬಾಯಿ 8 ಮಿ.ಮೀ. ಮಾಡಿ. 6 ಮಿ.ಮೀ. ಇಟ್ಟರೆ ನಿಮ್ಮ ನೀರಿನಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ನಡುವಿನಿಂದ 2.4 ಮೀಟರ್ ದೂರದಲ್ಲಿ ಬಳೆಯ ಹಾಗೆ ಪೈಪು ಸುತ್ತಿಸಿ ನಾಜಲ್‌ಗಳನ್ನು ಒಳಮುಖವಾಗಿ 65 ಡಿಗ್ರಿ ಕೋನಕ್ಕೆ ನಿಲ್ಲಿಸಿ. ಸೆಕೆಂಡಿಗೆ 5.35 ಮೀಟರ್ ವೇಗದಲ್ಲಿ ಹೊರಟ ನೀರು 1.2 ಮೀಟರ್ ಏರಿ, 2.2 ಮೀಟರ್ ಆಚೆ, ನಡುವಿನ ಧಾರೆಯ ಬುಡಕ್ಕೆ ಬಂದು ಬೀಳುತ್ತದೆ. ಒಂದೊಂದಕ್ಕೆ ಸೆಕೆಂಡಿಗೆ 0.27 ಲೀಟರ್, 16ಕ್ಕೆ 4.3 ಲೀಟರ್. ನಡುವಿನ ದೊಡ್ಡ ಧಾರೆ ಕುಡಿಯುವುದರ ಸುಮಾರು ಎರಡರಷ್ಟು ನೀರನ್ನು ಈ ಪುಟ್ಟ ಸಾಲು ಕುಡಿಯುತ್ತದೆ! ಹೆಡ್ ಮಾತ್ರ 3.5 ಮೀಟರ್ ಸಾಕು, ಅದಕ್ಕೆ 1 ಎಚ್‌ಪಿ ಪಂಪು ಧಾರಾಳ. ಎರಡಕ್ಕೂ ಒಂದೇ ಪಂಪು ಹಾಕಿದರೆ ನಡುವಿನದನ್ನು ಏರಿಸಲು ಹೋದಾಗ ಸುತ್ತಲಿನವು ನಡುವನ್ನು ದಾಟಿ ಆಚೆ ಬದಿಗೆ ಹಾರುತ್ತವೆ. ಅದಕ್ಕೇ ಬೇರೆ ಬೇರೆ ಪಂಪು.

10 ಎಚ್‌ಪಿ ಪಂಪೊಂದು ಸೆಕೆಂಡಿಗೆ 20 ಲೀಟರಿಗೂ ಹೆಚ್ಚು ನೀರನ್ನು 20 ಮೀಟರ್ ಎತ್ತಬಲ್ಲದು. ಅದನ್ನು ತಂದು ಇಲ್ಲಿ ಹಚ್ಚಿದರೆ ಮಾಡುವುದೇನು? ಗೇಟ್ ವಾಲ್ವ್ ಮುಕ್ಕಾಲು ಮುಚ್ಚಿಸಿ ಓಡಿಸುತ್ತಾರೆ. ವಾಲ್ವ್ ಕಿರುಗುಟ್ಟುತ್ತದೆ, ಸೀಲು ಸೋರುತ್ತದೆ, ಕರೆಂಟ್ ಬಿಲ್ಲು ನೋಡಿದವರು ಕಾರಂಜಿಯನ್ನು ಹಬ್ಬಕ್ಕೆ ಮಾತ್ರ ಹಚ್ಚಿ ಎನ್ನುತ್ತಾರೆ. ನಿಮ್ಮ ಹಳೆಯದಕ್ಕೂ ಇದೇ ಗತಿಯಾಗಿದ್ದರೆ ಅಚ್ಚರಿಯಿಲ್ಲ.

ಗುತ್ತಿಗೆದಾರರ ಮನಸ್ಸಿನಲ್ಲಿ ಬೆಳ್ಳಗೆ ನೊರೆಯುಕ್ಕುವ ಧಾರೆ ಇದ್ದಿರಬಹುದು. ನೊರೆ ನಾಜಲ್ ಗಾಳಿಯನ್ನು ಒಳಗೆಳೆದು ನೀರಿಗೆ ಬೆರೆಸುತ್ತದೆ, ಆ ಕೆಲಸಕ್ಕೆ ಶಕ್ತಿ ಖರ್ಚಾಗುತ್ತದೆ, ಆದ್ದರಿಂದ ಅದೇ ಎತ್ತರಕ್ಕೆ ಎರಡುಪಟ್ಟೋ ಅದಕ್ಕಿಂತ ಹೆಚ್ಚೋ ಒತ್ತಡ ಬೇಕು. ಆದರೂ 10 ಎಚ್‌ಪಿ ಆಗದು. ನೊರೆ ಧಾರೆಗೆ ಗುಣವೂ ಇದೆ. ಹಗಲಲ್ಲಿ ದೂರಕ್ಕೆ ಕಾಣುತ್ತದೆ, ರಾತ್ರಿ ದೀಪವನ್ನು ಚೆನ್ನಾಗಿ ಹಿಡಿಯುತ್ತದೆ. ಕೆಲವು ನೊರೆ ನಾಜಲ್‌ಗಳ ಬಾಯಿ ನೀರಿನ ಮಟ್ಟಕ್ಕೆ ಸರಿಯಾಗಿ ಇರಬೇಕು. ತೊಟ್ಟಿಯಲ್ಲಿ ನೀರು ಒಂದಿಂಚು ಇಳಿದರೆ ನೊರೆ ಹೋಗಿ ಧಾರೆ ಎತ್ತರಕ್ಕೆ ಹಾರುತ್ತದೆ, ಒಂದಿಂಚು ಏರಿದರೆ ಕುಸಿಯುತ್ತದೆ. ಕೊಳ್ಳುವಾಗ ಮಟ್ಟವನ್ನು ಅವಲಂಬಿಸದ ಬಗೆಯದನ್ನೇ ಕೇಳಿ, ಮತ್ತು ತಯಾರಕರ ಪಟ್ಟಿಯಲ್ಲಿ ನಿಮಗೆ ಬೇಕಾದ ಎತ್ತರದ ಮುಂದೆ ಬರೆದ ಹರಿವು, ಒತ್ತಡ ಎರಡನ್ನೂ ನೋಡಿಯೇ ಪಂಪು ಆರಿಸಿ.

ಪಂಪಿನ ಜಾತಿಯಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಕೈಗೆ ಸಿಗುತ್ತದೆಂದು ಅದನ್ನೇ ತೊಟ್ಟಿಯಲ್ಲಿ ಮಲಗಿಸಿಬಿಡುತ್ತಾರೆ. ಅದು ಕಡಿಮೆ ನೀರನ್ನು ಬಹಳ ಎತ್ತರಕ್ಕೆ ಕಳಿಸಲು ಮಾಡಿದ್ದು, ಕಾರಂಜಿಗೆ ಬೇಕಾದ್ದು ತದ್ವಿರುದ್ಧ. ಮೇಲಾಗಿ ಅದರ ಮೋಟರು ತಣ್ಣಗಿರುವುದು ಇಕ್ಕಟ್ಟಾದ ಕೇಸಿಂಗಿನಲ್ಲಿ ಮೈಸವರಿ ಹರಿಯುವ ನೀರಿನಿಂದ. ತೆರೆದ ತೊಟ್ಟಿಯಲ್ಲಿ ಆ ಹರಿವಿಲ್ಲ, ಮೋಟರಿನ ತಂತಿಸುತ್ತು ಸುಡುತ್ತದೆ. ಓಪನ್‌ವೆಲ್ ಸಬ್‌ಮರ್ಸಿಬಲ್ ಆದರೆ ನಡೆದೀತು. ಸಾರ್ವಜನಿಕ ಜಾಗದಲ್ಲಿ ನನ್ನ ಸಲಹೆ ಬೇರೆ: ತೊಟ್ಟಿಯ ಪಕ್ಕ ನೆಲದೊಳಗೆ ಒಂದು ಒಣ ಗುಂಡಿ ಕಟ್ಟಿಸಿ ಸಾಧಾರಣ ಮೋನೋಬ್ಲಾಕ್ ಪಂಪುಗಳನ್ನು ಅಲ್ಲಿಡಿ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಪ್ರೈಮಿಂಗಿನ, ಅಂದರೆ ಚಾಲೂ ಮಾಡುವ ಮೊದಲು ಪಂಪಿಗೆ ನೀರು ತುಂಬಿಸುವ, ಕಾಟವಿಲ್ಲ, ರಿಪೇರಿಗೆ ತೊಟ್ಟಿ ಖಾಲಿ ಮಾಡಬೇಕಿಲ್ಲ, ಜನ ಕೈಯಿಡುವ ನೀರಿನಲ್ಲಿ ಮೇನ್ಸ್ ಕರೆಂಟ್ ಇರುವುದಿಲ್ಲ. ಗುಂಡಿಗೆ ಗಾಳಿಯಾಡಲು ಎರಡು ಕಿಂಡಿ, ಮೂಲೆಯಲ್ಲಿ ಒಂದು ಅಡಿ ಆಳದ ತಗ್ಗು, ಅದರಲ್ಲಿ ನೀರೇರಿದರೆ ತಾನೇ ಚಾಲೂ ಆಗುವ ಫ್ಲೋಟ್ ಸ್ವಿಚ್ಚಿನ ಸಣ್ಣ ಪಂಪು ಇರಲೇಬೇಕು. ಇಲ್ಲದಿದ್ದರೆ ಮೊದಲ ಅಡ್ಡಮಳೆಗೆ ಮೋಟರುಗಳು ಮುಳುಗುತ್ತವೆ. ಗುಂಡಿಯ ಬಾಯಿ ನೆಲಮಟ್ಟದಿಂದ 20 ಸೆಂ.ಮೀ. ಎತ್ತರಕ್ಕಿರಲಿ.

ಪೈಪಿನಲ್ಲಿ ಉಳಿತಾಯ ಮಾಡಬೇಡಿ. ಎಳೆಯುವ ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ ಒಂದೂಕಾಲು ಮೀಟರ್ ಮೀರಬಾರದು, ತಳ್ಳುವ ಪೈಪಿನಲ್ಲಿ 2 ಮೀಟರ್. ಹಾಗೆ ನೋಡಿದರೆ ನಡುವಿನ ಧಾರೆಗೆ 50 ಮಿ.ಮೀ., ಸಾಲಿನ ಪಂಪಿಗೆ 75 ಮಿ.ಮೀ. ಎಳೆಯುವ ಪೈಪು. ಬಳೆಯ ಪೈಪು 63 ಮಿ.ಮೀ. ಇರಲಿ, ಅದಕ್ಕೆ ಎದುರು ಬದುರಾಗಿ ಎರಡು ಕಡೆಯಿಂದ ನೀರು ಕೊಡಿ. ಒಂದೇ ಕಡೆಯಿಂದ ಕೊಟ್ಟರೆ ಆ ಬದಿಯ ಧಾರೆಗಳು ಎತ್ತರ, ಆಚೆ ಬದಿಯವು ಗಿಡ್ಡ. ಜನರ ಕಣ್ಣಿಗೆ ಮೊದಲು ಬೀಳುವ ದೋಷ ಇದೇ. ಸಣ್ಣ ವ್ಯತ್ಯಾಸ ತಿದ್ದಲು ಪ್ರತಿ ನಾಜಲ್ಲಿನ ಕೆಳಗೆ ಒಂದು ಬಾಲ್ ವಾಲ್ವ್, ಓರೆ ಹೊಂದಿಸಲು ತಿರುಗುವ ಕೀಲು ಬೇಕು.

ನಡುವಿನ ನಾಜಲ್ಲಿನ ಕೆಳಗೆ ಬೆಂಡು ಬಂದರೆ ನೀರು ತಿರುಚಿಕೊಂಡು ಹೊರಟು, ಅರ್ಧ ಏರುವಷ್ಟರಲ್ಲಿ ಚದುರುತ್ತದೆ. ಪೈಪಿನ ಅಡ್ಡಳತೆಯ ಹತ್ತುಪಟ್ಟು ಉದ್ದ, ಇಲ್ಲಿ 50 ಸೆಂ.ಮೀ., ನೇರ ಪೈಪು ಕೊಡಿ. ಅಷ್ಟು ಆಳ ಸಿಗದಿದ್ದರೆ ಪೈಪಿನೊಳಗೆ ನೀರು ನೇರ ಮಾಡುವ ರೆಕ್ಕೆಗಳನ್ನು ಕೂರಿಸಿದ ನಾಜಲ್ ಸಿಗುತ್ತದೆ. ನಾಜಲ್ಲಿನ ಒಳಮೈ ಕೈಗೆ ನುಣುಪಾಗಿರಬೇಕು, ಅಂಚಿನಲ್ಲಿ ಒಂದು ಗೀರಿದ್ದರೂ ಧಾರೆ ಸೀಳುತ್ತದೆ. ಹಿತ್ತಾಳೆ ಒಳ್ಳೆಯ ವಸ್ತುವೇ, ಆದರೆ ಸರ್ಕಲ್ಲಿನಲ್ಲಿ ರಾತ್ರೋರಾತ್ರಿ ಬಿಚ್ಚಿಕೊಂಡು ಹೋಗಿ ಗುಜರಿಗೆ ಹಾಕುತ್ತಾರೆ. ಸ್ಟೀಲಿನ ನಾಜಲ್, ಅದಕ್ಕೆ ಮಾಮೂಲಿ ಸ್ಪ್ಯಾನರಿಗೆ ಸಿಗದ ಬೋಲ್ಟು ಹಾಕಿಸಿ.

ಪಂಪು ತೊಟ್ಟಿಯ ನೀರನ್ನು ಎಳೆಯುವ ಬಾಯಿಗಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಪ್ರತಿ ಪಂಪಿಗೂ ಒಂದೊಂದೇ ಬಾಯಿ ಇಟ್ಟು, ಮಗುವೊಂದು ಅದರ ಮೇಲೆ ಕೈಯೋ ಕೂದಲೋ ಇಟ್ಟರೆ ಪಂಪು ಬಿಡುವುದಿಲ್ಲ. ಒಂದೊಂದು ಪಂಪಿಗೂ ಒಂದು ಮೀಟರಿಗಿಂತ ಹೆಚ್ಚು ಅಂತರದಲ್ಲಿ ಎರಡು ಬಾಯಿಗಳನ್ನಿಟ್ಟು ಟೀ (T) ಆಕಾರದ ಪೈಪು ಜೋಡಣೆ ಹಾಕಿ ಸೇರಿಸಿ, ಒಂದು ಮುಚ್ಚಿದರೂ ಇನ್ನೊಂದು ಎಳೆಯಲಿ. ಜರಡಿಯ ತೂತುಗಳ ಒಟ್ಟು ವಿಸ್ತೀರ್ಣ ದೊಡ್ಡದಿರಬೇಕು, ಅಲ್ಲಿ ನೀರಿನ ವೇಗ ಸೆಕೆಂಡಿಗೆ 0.3 ಮೀಟರ್ ದಾಟಬಾರದು. ತೂತು ನಾಜಲ್ಲಿನ ಬಾಯಿಗಿಂತ ಸಣ್ಣದಿರಬೇಕು, 3 ಮಿ.ಮೀ. ಸರಿ.

ತೊಟ್ಟಿಗೆ 45 ಸೆಂ.ಮೀ. ನೀರು ಸಾಕು, ಅದರ ಮೇಲೆ 15–20 ಸೆಂ.ಮೀ. ಅಂಚು. ಹೆಚ್ಚು ಆಳ ಮಾಡಿದರೆ ಚೆಂದ ಹೆಚ್ಚುವುದಿಲ್ಲ, ಅಪಾಯ ಹೆಚ್ಚುತ್ತದೆ. ಇಟ್ಟಿಗೆಯಲ್ಲಿ ಕಟ್ಟಿ ಪ್ಲಾಸ್ಟರ್ ಬಳಿದರೆ ಬಿಸಿಲಿಗೆ ಬಿರಿಯುತ್ತದೆ. ನೀರು ಹಿಡಿಯುವ ಕಟ್ಟಡಗಳ ಸಂಹಿತೆಯಾದ ಐಎಸ್ 3370ರಂತೆ ಎಂ30 ಕಾಂಕ್ರೀಟಿನ ಆರ್‌ಸಿಸಿ ತೊಟ್ಟಿಯೇ ಆಗಲಿ. ಪೈಪುಗಳು ಗೋಡೆ ತೂರುವ ಕಡೆ ಅಡ್ಡಪಟ್ಟಿ ಬೆಸೆದ ತುಂಡುಗಳನ್ನು ಕಾಂಕ್ರೀಟ್ ಹಾಕುವಾಗಲೇ ಹುಗಿಯಬೇಕು, ಆಮೇಲೆ ಕೊರೆದು ತೂರಿಸಿದ ಜಾಗದಲ್ಲಿ ಸೋರುತ್ತದೆ. ಗ್ರಾನೈಟ್ ಹಾಸುವ ಮೊದಲು ಏಳು ದಿನ ನೀರು ತುಂಬಿ ನೋಡಿ. ಇಳಿದದ್ದು ಸೋರಿದ್ದೋ ಆವಿಯಾದದ್ದೋ ತಿಳಿಯಲು ಅದೇ ತೊಟ್ಟಿಯ ನೀರಿನಲ್ಲಿ ಬಕೆಟ್ಟೊಂದನ್ನು ಅರ್ಧ ಮುಳುಗಿಸಿಟ್ಟು, ಅದರಲ್ಲೂ ನೀರು ತುಂಬಿ ಎರಡಕ್ಕೂ ಗುರುತು ಹಾಕಿ. ಬಕೆಟ್ಟಿನ ನೀರಿಗಿಂತ ತೊಟ್ಟಿಯ ನೀರು ಹೆಚ್ಚು ಇಳಿದರೆ ಸೋರಿಕೆ ಖಚಿತ. ನೆಲವನ್ನು ನೂರಕ್ಕೆ ಒಂದರಂತೆ ಇಳಿಜಾರು ಮಾಡಿ ತಗ್ಗಿನಲ್ಲಿ ಖಾಲಿ ಮಾಡುವ ಬಾಯಿಯಿಡಿ. ಮಳೆನೀರು ಹೊರಹೋಗಲು 100 ಮಿ.ಮೀ. ಪೈಪು, ಎಲೆ ಕಟ್ಟದಂತೆ ಗುಮ್ಮಟದ ಜಾಲರಿ.

ಇನ್ನು ನಿಮ್ಮ ಮುಖ್ಯ ತೊಂದರೆ, ಗಡಸು ನೀರು. ತೊಟ್ಟಿಯ ಮೇಲ್ಮೈ 38.5 ಚದರ ಮೀಟರ್, ನೀರು 17,300 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 7–8 ಮಿ.ಮೀ. ಆರಿದರೆ 300 ಲೀಟರ್ ಹೋಯಿತು, ಹನಿಯಾಗಿ ಹಾರಿದ್ದು ಬೇರೆ. ಹೋಗುವುದು ಬರೀ ನೀರು, ಸುಣ್ಣ ತೊಟ್ಟಿಯಲ್ಲೇ ಉಳಿಯುತ್ತದೆ. ನೀರಿನ ಗಡಸುತನ ಲೀಟರಿಗೆ 600 ಮಿ.ಗ್ರಾಂ. ಎಂದಿಟ್ಟುಕೊಳ್ಳಿ. ನಿತ್ಯ 300 ಲೀಟರ್ ತುಂಬಿಸಿದಂತೆ 180 ಗ್ರಾಂ ಸುಣ್ಣ ಸೇರುತ್ತದೆ, ತಿಂಗಳಿಗೆ 5 ಕಿಲೋ ದಾಟುತ್ತದೆ. ಎರಡು ತಿಂಗಳಲ್ಲಿ ತೊಟ್ಟಿಯ ನೀರಿನ ಗಡಸುತನ ಎರಡುಪಟ್ಟಾಗುತ್ತದೆ. ಅದು ನಾಜಲ್ಲಿನ ತುಟಿಗೆ, ದೀಪದ ಗಾಜಿಗೆ, ಕಪ್ಪು ಗ್ರಾನೈಟಿಗೆ ಬಿಳಿ ಪದರವಾಗಿ ಹತ್ತುತ್ತದೆ. ಫಿಲ್ಟರ್ ಇದನ್ನು ತೆಗೆಯಲಾರದು, ಕರಗಿದ್ದು ಮರಳಿನಲ್ಲಿ ನಿಲ್ಲುವುದಿಲ್ಲ.

ಒಳ್ಳೆಯ ಪರಿಹಾರ ಮಳೆನೀರು. ನಿಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಅಕ್ಕಪಕ್ಕದ ಅಂಗಡಿಗಳ 100 ಚದರ ಮೀಟರ್ ತಾರಸಿಯಿಂದ ಸೋರಿದ್ದು ಕಳೆದು 45,000 ಲೀಟರಿನಷ್ಟು ಸಿಗುತ್ತದೆ. ಅದನ್ನು ನೆಲದೊಳಗಿನ ಟ್ಯಾಂಕಿಯಲ್ಲಿ ಹಿಡಿದಿಟ್ಟು, ಬೋರ್‌ವೆಲ್ ನೀರನ್ನು ಕೊರತೆ ಬಿದ್ದಾಗ ಮಾತ್ರ ಬೆರೆಸಿ. ನೀರಿನ ಗಡಸು ಕಳೆಯುವ ಸಾಫ್ಟನರ್ ಎರಡನೆಯ ದಾರಿ, ಅದಕ್ಕೆ ಉಪ್ಪು ಹಾಕುವವರು ಯಾರೆಂದು ಮೊದಲೇ ನಿಶ್ಚಯವಾಗಿರಬೇಕು. ಎರಡೂ ಆಗದಿದ್ದರೆ ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ತೊಟ್ಟಿ ಪೂರ್ತಿ ಬರಿದು ಮಾಡಿ. ಬರಿದು ಮಾಡುವ ಎರಡು ದಿನ ಮೊದಲೇ ಕ್ಲೋರಿನ್ ನಿಲ್ಲಿಸಿದರೆ ಆ ನೀರು ರಸ್ತೆಬದಿಯ ಮರಗಳಿಗೆ ಆಗುತ್ತದೆ. ನಾಜಲ್ಲಿಗೆ ಹತ್ತಿದ ಸುಣ್ಣಕ್ಕೆ ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಕರಗಿಸಿ ಎರಡು ಗಂಟೆ ನೆನೆಸಿ. ಬಚ್ಚಲು ತೊಳೆಯುವ ಆಸಿಡ್ ಸ್ಟೀಲನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ.

ಕುಡಿಯುವ ನೀರನ್ನು ಇದಕ್ಕೆ ಬಳಸುವುದು ಸಲ್ಲ. 2024ರ ಮಾರ್ಚಿನ ಅಭಾವದಲ್ಲಿ ಬೆಂಗಳೂರು ಜಲಮಂಡಳಿ ಅಲಂಕಾರದ ಕಾರಂಜಿಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಹಾಗೆಂದು ಒಳಚರಂಡಿಯ ಸಂಸ್ಕರಿಸಿದ ನೀರಿಗೆ ಅವಸರದಿಂದ ಕೈಹಾಕಬೇಡಿ. ಕಾರಂಜಿಯ ಸಣ್ಣ ಹನಿಗಳು ಉಸಿರಿನೊಳಗೆ ಹೋಗುತ್ತವೆ, ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ತಲುಪುವುದು ಹೀಗೆಯೇ. ಮೂರನೆಯ ಹಂತದ ಶೋಧನೆ ಮತ್ತು ಸೋಂಕುನಿವಾರಣೆ ಆಗದ ನೀರನ್ನು ಜನನಿಬಿಡ ಜಾಗದಲ್ಲಿ ಚಿಮ್ಮಿಸಬಾರದು.

ಫಿಲ್ಟರಿಗೆ ಮೂರನೆಯ ಪಂಪು ಬೇಕು, ಅರ್ಧ ಎಚ್‌ಪಿಯದು. ಧಾರೆಯ ಪಂಪಿಗೇ ಫಿಲ್ಟರ್ ಜೋಡಿಸಿದರೆ ಮರಳು ಕೊಳೆಯಾದಂತೆ ಧಾರೆ ಕುಗ್ಗುತ್ತದೆ, ಆಗ ಯಾರೋ ಫಿಲ್ಟರನ್ನು ತಪ್ಪಿಸುವ ಬೈಪಾಸ್ ತೆರೆದಿಡುತ್ತಾರೆ, ಕಥೆ ಮುಗಿಯಿತು. 500 ಮಿ.ಮೀ. ಅಡ್ಡಳತೆಯ ಮರಳು ಫಿಲ್ಟರ್ ಗಂಟೆಗೆ 4–5 ಸಾವಿರ ಲೀಟರ್ ಸೋಸುತ್ತದೆ, ನಾಲ್ಕು ಗಂಟೆಯಲ್ಲಿ ಇಡೀ ತೊಟ್ಟಿ ಒಂದು ಸುತ್ತು. ಕಾರಂಜಿ ಆಡಲಿ ಬಿಡಲಿ, ದಿನಕ್ಕೆ ಎಂಟು ಗಂಟೆ ಇದು ಓಡಬೇಕು. ಒತ್ತಡದ ಮುಳ್ಳು ಮರಳು ಶುದ್ಧವಿದ್ದಾಗಿನದಕ್ಕಿಂತ ಅರ್ಧ ಕಿಲೋ ಮೇಲೇರಿದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯಿರಿ. ಆದಿಲ್‌ಶಾಹಿ ಕಾಲದ ವಿಜಯಪುರದಲ್ಲಿ ಕೊಳವೆ ಸಾಲಿನ ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದು ಒತ್ತಡ ತಗ್ಗಲಿ, ಹೂಳು ಕೂರಲಿ ಎಂದೇ. ಸೋಸುವ ಖರ್ಚನ್ನು ಅಂದಿನವರೂ ಬಿಟ್ಟಿರಲಿಲ್ಲ!

ಕ್ಲೋರಿನ್ ಲೀಟರಿಗೆ 1–2 ಮಿ.ಗ್ರಾಂ., ಪಿಎಚ್ 7.2ರಿಂದ 7.8. ನಿಮ್ಮ ತೊಟ್ಟಿಯಲ್ಲಿ ಒಂದು ಮಿ.ಗ್ರಾಂ. ಏರಿಸಲು ಶೇ. 10ರ ಸೋಡಿಯಂ ಹೈಪೋಕ್ಲೋರೈಟ್ 170 ಮಿ.ಲೀ. ಬೇಕು. ಬಿಸಿಲಿಗೆ ಬೇಗ ಇಳಿಯುವುದರಿಂದ ಸಂಜೆ ಹಾಕುವುದು ಲೇಸು. ಬ್ಲೀಚಿಂಗ್ ಪೌಡರ್ ಅಗ್ಗ ನಿಜ, ಅದರೊಂದಿಗೆ ಇನ್ನಷ್ಟು ಸುಣ್ಣ ಸೇರುತ್ತದೆ, ನಿಮಗದು ಬೇಡ. ಏನಾದರೂ ಕೆಟ್ಟು ವಾರ ನಿಲ್ಲುವ ಹಾಗಾದರೆ ಅಂದೇ ತೊಟ್ಟಿ ಖಾಲಿ ಮಾಡಿ, ಸೊಳ್ಳೆ ಮೊಟ್ಟೆಯಿಂದ ಹಾರುವ ಹುಳುವಾಗಲು ಅಷ್ಟು ದಿನ ಸಾಕು.

ವಿದ್ಯುತ್ತಿನಲ್ಲಿ ರಾಜಿಯಿಲ್ಲ. ನೀರಿನೊಳಗಿನ ದೀಪಗಳೆಲ್ಲ 12 ವೋಲ್ಟಿನವು, ಅವುಗಳ ಟ್ರಾನ್ಸ್‌ಫಾರ್ಮರ್ ತೊಟ್ಟಿಯಿಂದ ದೂರ, ಪ್ಯಾನೆಲ್ಲಿನೊಳಗೆ. ಪ್ರತಿ ಪಂಪಿನ ಸಾಲಿಗೂ 30 ಮಿಲಿ ಆಂಪಿಯರಿನ ಪ್ರತ್ಯೇಕ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಸಾಲು ಕಡಿಯುವ ಸ್ವಿಚ್ಚು, ಮತ್ತು ವಿಎಫ್‌ಡಿ ಇರುವ ಸಾಲಿಗೆ ಅದಕ್ಕೆ ಹೊಂದುವ ಬಗೆಯದು. ಮಾಮೂಲಿಯದು ಸುಮ್ಮನೆ ಟ್ರಿಪ್ ಆಗುತ್ತಿದ್ದರೆ ಬೇಸತ್ತ ಎಲೆಕ್ಟ್ರಿಷಿಯನ್ ಅದನ್ನು ತೆಗೆದು ನೇರ ಜೋಡಿಸಿಬಿಟ್ಟಾನು. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಲೇಬೇಕು. ನೀರಿನೊಳಗೆ ಕೇಬಲ್ ಜಾಯಿಂಟ್ ಕೂಡದು. ಟೇಪು ಸುತ್ತಿದ ಜಾಯಿಂಟಿಗೆ ಹೊಕ್ಕ ನೀರು ತಂತಿಯ ಎಳೆಗಳ ನಡುವೆ ಏರುತ್ತಾ ದೀಪದೊಳಗೇ ಬರುತ್ತದೆ, ಜನ ದೀಪವನ್ನೇ ಬೈಯುತ್ತಾರೆ. ದೀಪಕ್ಕೆ ಬೇಕಾದಷ್ಟು ಉದ್ದದ ಕೇಬಲ್ಲನ್ನು ಕಾರ್ಖಾನೆಯಿಂದಲೇ ಜೋಡಿಸಿ ತರಿಸಿ. ನೀರು ತಗ್ಗಿದರೆ ಪಂಪು, ದೀಪ ಎರಡೂ ಆರುವಂತೆ ಮಟ್ಟದ ಸ್ವಿಚ್ಚು ಇರಲಿ. ನೀರಿನಿಂದಲೇ ತಣ್ಣಗಾಗುವ ದೀಪ ಬಯಲಿಗೆ ಬಂದರೆ ಸುಡುತ್ತದೆ.

ಬಣ್ಣದ ದೀಪದ ಆಸೆ ನಿಮ್ಮದು, ಬೇಡವೆನ್ನಲಾರೆ. ಆದರೆ ತಿಳಿನೀರಿನ ಧಾರೆ ಬೆಳಕನ್ನು ತಡೆಯದೆ ಆಚೆ ಬಿಡುತ್ತದೆ, ಆದ್ದರಿಂದ ಬಣ್ಣ ಮಂಕಾಗಿ ಕಾಣುತ್ತದೆ. ನಡುವಿನದನ್ನು ನೊರೆ ಧಾರೆ ಮಾಡಿಸುವುದಾದರೆ ಅದಕ್ಕೆ ಬಣ್ಣ, ಸುತ್ತಲಿನವಕ್ಕೆ ಬುಡಕ್ಕೆ ಅಂಟಿದಂತೆ ಬೆಚ್ಚನೆಯ ಬಿಳಿ ದೀಪ ಇಟ್ಟರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಚೆಂದ. ಸರ್ಕಲ್ಲಿನಲ್ಲಿ ಮಿನುಗುವ ಕೆಂಪು, ಹಸಿರು ಬೇಡವೇ ಬೇಡ, ಚಾಲಕರಿಗೆ ಸಿಗ್ನಲ್ಲಿನ ಗೊಂದಲ.

ಕೊನೆಯದಾಗಿ ಕರಾರು. ಅದರಲ್ಲಿ ಪಂಪಿನ ಎಚ್‌ಪಿ ಬರೆಯಬೇಡಿ. ಧಾರೆ ಇಷ್ಟು ಮೀಟರ್, 16 ಧಾರೆಗಳ ಎತ್ತರದಲ್ಲಿ 5 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿರಬಾರದು, ಇಷ್ಟು ಗಂಟೆ ಓಡಿದರೆ ಇಷ್ಟೇ ಯೂನಿಟ್ ಎಂದು ಬರೆಯಿಸಿ, ಎಂಟು ಗಂಟೆ ಎಡೆಬಿಡದೆ ಓಡಿಸಿ ಮೀಟರ್ ನೋಡಿ ಹಣ ಕೊಡಿ. ಮೂರು ವರ್ಷದ ನಿರ್ವಹಣೆಯನ್ನು ಅದೇ ಕರಾರಿನಲ್ಲಿ ಸೇರಿಸಿ, ಹಣದ ಒಂದು ಪಾಲನ್ನು ಆ ಮೂರು ವರ್ಷಕ್ಕೆ ಹಂಚಿ ಹಿಡಿದಿಟ್ಟುಕೊಳ್ಳಿ. ಎರಡು ನಾಜಲ್, ಪ್ರತಿ ಪಂಪಿಗೂ ಒಂದು ಸೀಲು, ಎರಡು ದೀಪ ಬಿಡಿಯಾಗಿ ನಿಮ್ಮ ಕೈಗೆ ಬರಲಿ. ಪೈಪು, ಕೇಬಲ್ ನಿಜವಾಗಿ ಎಲ್ಲಿ ಹಾದಿವೆಯೋ ಆ ನಕ್ಷೆಯ ಒಂದು ಪ್ರತಿ ಪ್ಯಾನೆಲ್ಲಿನ ಬಾಗಿಲ ಒಳಗೆ ಅಂಟಿರಬೇಕು.